ಮೂರನೆಯ ಹಾರ್ಡ್ ಡಿಸ್ಕ್

ಜೂನ್ ೩

ಮಗಳಿಗೆ,

ಈ ಪತ್ರ ಕಂಡು ನಿನಗೆ ಆಶ್ಚರ್ಯವಾಗಬಹುದು. ಆಶ್ಚರ್ಯಕ್ಕೆ ಕಾರಣವಿಲ್ಲ. ಇದು ಯಂತ್ರವೊಂದರ ವಿಷಯವಾಗಿ ಬರೆದದ್ದು. ಬೇರೆ ಅರ್ಥ ಹಚ್ಚಬೇಡ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವುದು ನಿನ್ನ ಉದ್ಯೋಗ. ಕಾನೂನಿನ ಓದನ್ನು ಅರ್ಧಕ್ಕೆ ಬಿಟ್ಟು ನೀನು ಆ ಉದ್ಯೋಗ ಹಿಡಿದದ್ದು ಸರಿಯೋ ತಪ್ಪೋ ಎಂಬುದು ಇಲ್ಲಿ ಚರ್ಚೆಯ ವಿಷಯವಲ್ಲ. ಕೆಟ್ಟ ಯಂತ್ರ ಯಾಕೆ ಕೆಟ್ಟಿತು ಎಂದು ಹೇಳಬಲ್ಲವರು ನನ್ನ ಪರಿಚಯದಲ್ಲಿ ನೀನೊಬ್ಬಳೇ. ಅಷ್ಟಕ್ಕಾಗಿ ಬರೆಯುತ್ತಿದ್ದೇನೆ.

ನಿನ್ನ ತಮ್ಮನ ಕಂಪ್ಯೂಟರ್ ಅವನ ಕೋಣೆಯಲ್ಲೇ ಇದೆ. ನೀನು ಮನೆ ಬಿಟ್ಟ ಮೇಲೂ ಭಾನುವಾರದ ನಮ್ಮ ಚರ್ಚೆ ನಿಂತಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಎಂದಿನಂತೆ ಅವನದೊಂದು ಪಕ್ಷ, ನನ್ನದೊಂದು ಪಕ್ಷ. ನಿನ್ನ ಅಮ್ಮ ತೀರ್ಪುಗಾರ್ತಿ. ಅವಳು ಲೋಟಕ್ಕೆ ಚಮಚ ಬಡಿದರೆ ಸಮಯ ಮುಗಿಯಿತೆಂದು ಅರ್ಥ. ಆ ಚರ್ಚೆಗಳನ್ನು ಅವನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿಡುತ್ತಿದ್ದ. ಅಪಘಾತದಲ್ಲಿ ಫೋನು ಉಳಿಯಲಿಲ್ಲ. ಅವನ ದನಿ ಎಂದು ಈ ಮನೆಯಲ್ಲಿ ಉಳಿದಿರುವುದು ಕಂಪ್ಯೂಟರಿನೊಳಗಿರುವಷ್ಟೇ.

ಅವನು ಹೋದ ಮೇಲೆ ಅದರ ಹಾರ್ಡ್ ಡಿಸ್ಕ್ ಎರಡು ಸಲ ಸತ್ತಿದೆ. ಮೊದಲನೆಯದು ಹಳೆಯದಾಗಿತ್ತು ಎಂದು ಒಪ್ಪಿದೆ. ಎರಡನೆಯದು ಹೊಸದು, ಅದಕ್ಕೆ ಸಾಯುವ ವಯಸ್ಸೇ ಅಲ್ಲ. ಎರಡು ಸಲವೂ ಕೆಳಗಿನ ಬೀದಿಯ ರಿಪೇರಿಯವನು ಇದ್ದುದನ್ನೆಲ್ಲ ಹೇಗೋ ಎತ್ತಿ ಮುಂದಿನ ಡಿಸ್ಕಿಗೆ ಹಾಕಿಕೊಟ್ಟ. ಈತನನ್ನು ಬೀದಿಯಲ್ಲಿ ಎಲ್ಲರೂ ‘ಗ್ಯಾರಂಟಿ’ ಎಂದು ಕರೆಯುತ್ತಾರೆ, ಏಕೆಂದರೆ ಅವನ ಪ್ರತಿಯೊಂದು ಮಾತೂ ‘ಗ್ಯಾರಂಟಿ ಹೇಳಕ್ಕಾಗಲ್ಲ ಸಾರ್’ ಎಂದೇ ಮುಗಿಯುತ್ತದೆ. ಕಾರಣ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾನೆ. ಈಗ ಮೂರನೆಯ ಡಿಸ್ಕೂ ಮೊದಲಿನ ಎರಡರಂತೆಯೇ ಕಟಕಟ ಎನ್ನತೊಡಗಿದೆ. ಮತ್ತೊಮ್ಮೆ ಎತ್ತಲಾಗುತ್ತದೆಯೇ ಎಂದು ಕೇಳಿದರೆ ಅವನು ತನ್ನ ಹೆಸರಿಗೆ ತಕ್ಕ ಉತ್ತರವನ್ನೇ ಕೊಟ್ಟ.

ವಿಮಾ ಕಚೇರಿಯಲ್ಲಿ ನಾನು ಇಡೀ ಸೇವಾವಧಿ ಮಾಡಿದ ಕೆಲಸ ಒಂದೇ: ಸುಟ್ಟದ್ದು, ಮುರಿದದ್ದು, ಮುಳುಗಿದ್ದು ಯಾವ ಕಾರಣದಿಂದ ಎಂದು ಪತ್ತೆ ಮಾಡುವುದು. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎಂಬುದು ನನ್ನ ನಂಬಿಕೆ. ಇಲ್ಲಿ ಮಾತ್ರ ಕಾರಣ ಕೈಗೆ ಸಿಗುತ್ತಿಲ್ಲ.

ನಿನಗೆ ತಿಳಿದದ್ದನ್ನು ಬರೆ. ಫೋನ್ ಬೇಡ. ಫೋನಿನಲ್ಲಿ ಮಾತು ಜಾರುತ್ತದೆ, ಬರೆದದ್ದು ನಿಲ್ಲುತ್ತದೆ.

ಇಂತು,
ನಿನ್ನ ತಂದೆ

•

ಜೂನ್ ೧೧

ಅಪ್ಪನಿಗೆ,

ನಿಮ್ಮ ಅಕ್ಷರ ನೋಡಿ ಲಕೋಟೆಯನ್ನು ತಕ್ಷಣ ಒಡೆಯಲಿಲ್ಲ. ಅಮ್ಮನಿಗೇನೋ ಆಗಿದೆ ಅಂದುಕೊಂಡೆ. ಒಡೆದಾಗ ಹಾರ್ಡ್ ಡಿಸ್ಕ್. ಇರಲಿ. ನೀವು ಕೇಳಿದ್ದಕ್ಕಷ್ಟೇ ಉತ್ತರ ಬರೆಯುತ್ತೇನೆ.

ನಮ್ಮ ಕೆಲಸದಲ್ಲಿ ಮೊದಲ ನಿಯಮ: ರೋಗಿ ಯಂತ್ರದ ಮೇಲಿದ್ದರೆ ಮೊದಲು ರೋಗಿಯನ್ನು ಇಳಿಸು, ಆಮೇಲೆ ಯಂತ್ರ ಬಿಚ್ಚು. ಆದ್ದರಿಂದ ಈ ಕ್ಷಣವೇ ತಮ್ಮನ ರೆಕಾರ್ಡಿಂಗುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಸಿ. ಒಂದು ಪ್ರತಿ ನಿಮ್ಮ ಬೀರುವಿನಲ್ಲಿರಲಿ, ಇನ್ನೊಂದು ನನಗೆ ಕಳಿಸಿ. ಕಾರಣ ಹುಡುಕುವುದು ಆಮೇಲೆ.

ನಂತರ ಇವನ್ನು ನೋಡಿ ತಿಳಿಸಿ. ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಹಳೆಯದೇ ಇದೆಯೇ? ಅದು ಏರುಪೇರಾದರೆ ಎಷ್ಟು ಡಿಸ್ಕ್ ಹಾಕಿದರೂ ನುಂಗುತ್ತದೆ. ಡಿಸ್ಕಿಗೆ ಹೋಗುವ ಕೇಬಲ್ ಬದಲಾಗಿದೆಯೇ? ಫ್ಯಾನ್ ತಿರುಗುತ್ತದೆಯೇ, ಧೂಳು ಕಟ್ಟಿದೆಯೇ? ಕರೆಂಟು ಹೋದಾಗ ಧಡಕ್ಕನೆ ಆರುತ್ತದೆಯೇ? ಮುಖ್ಯವಾಗಿ, ಕೆಡುವಾಗ ನೀವು ಅದರಲ್ಲಿ ಏನು ಮಾಡುತ್ತಿದ್ದಿರಿ?

ಅಂತ್ಯಕ್ರಿಯೆಯ ದಿನ ನಾವಿಬ್ಬರೂ ಒಂದೇ ಅಂಗಳದ ಎರಡು ಗೋಡೆಗೆ ಆತು ನಿಂತಿದ್ದೆವು. ಆವತ್ತೂ ನನಗೆ ಅವನ ದನಿಯ ಒಂದು ತುಣುಕಾದರೂ ಬೇಕಿತ್ತು. ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಮಗಳು

•

ಜೂನ್ ೨೦

ಮಗಳಿಗೆ,

ನಿನ್ನ ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರಿಸುತ್ತೇನೆ.

ಪವರ್ ಸಪ್ಲೈಯನ್ನು ಎರಡನೆಯ ಡಿಸ್ಕ್ ಹೋದಾಗಲೇ ಬದಲಾಯಿಸಿದೆ. ಕೇಬಲ್ಲೂ ಹೊಸದು. ಫ್ಯಾನ್ ತಿರುಗುತ್ತದೆ, ಪೆಟ್ಟಿಗೆಯ ಪಕ್ಕದ ತಗಡು ಮುಟ್ಟಿದರೆ ಬೆಚ್ಚಗಿರುತ್ತದೆ, ಸುಡುವುದಿಲ್ಲ. ಕರೆಂಟು ಹೋದರೆ ತಡೆದುಕೊಳ್ಳಲು ಬ್ಯಾಟರಿಯ ಪೆಟ್ಟಿಗೆ ಇದೆ; ಅದನ್ನು ನಿನ್ನ ತಮ್ಮನೇ ತಂದದ್ದು. ಗ್ಯಾರಂಟಿ ತನ್ನ ಅಂಗಡಿಯಲ್ಲಿ ಇಡೀ ಯಂತ್ರವನ್ನು ಹಗಲೆಲ್ಲ ಓಡಿಸಿ ನೋಡಿದ. ಅಲ್ಲಿ ಏನೂ ಆಗಲಿಲ್ಲ. ಮನೆಗೆ ತಂದರೆ ಕೆಡುತ್ತದೆ. ‘ಸಾರ್, ಇದಕ್ಕೆ ನಿಮ್ಮನೆ ನೀರು ಒಗ್ತಿಲ್ಲ’ ಎಂದ. ಹಾಸ್ಯಕ್ಕೆ ನಾನು ಅವನನ್ನು ಕರೆದಿರಲಿಲ್ಲ ಎಂದು ತಿಳಿಸಿದೆ.

ಇನ್ನು, ಕೆಡುವಾಗ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ. ಭಾನುವಾರ ಮಧ್ಯಾಹ್ನ ಚರ್ಚೆಯ ವೇಳೆಗೆ ಅವನ ಕೋಣೆಯಲ್ಲಿ ಕೂತು ರೆಕಾರ್ಡಿಂಗ್ ಕೇಳುತ್ತೇನೆ. ಹಳೆಯ ಚರ್ಚೆಗಳೆಲ್ಲ ಸರಾಗವಾಗಿ ಓಡುತ್ತವೆ. ಕೊನೆಯ ಭಾನುವಾರದ ಒಂದು ಮಾತ್ರ ಓಡುವುದಿಲ್ಲ. ಮಧ್ಯದಲ್ಲಿ, ಪ್ರತಿಸಲವೂ ಒಂದೇ ಜಾಗದಲ್ಲಿ, ಡಿಸ್ಕ್ ಕಟಕಟ ಎಂದು ಪರದೆ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಆರಿಸಿ ಹಚ್ಚಿದರೆ ಯಂತ್ರ ಏಳುತ್ತದೆ, ಆದರೆ ಮೊದಲಿಗಿಂತ ನಿಧಾನವಾಗಿ. ಹೀಗೆ ಕೆಲವು ಭಾನುವಾರ ಕಳೆದರೆ ಏಳುವುದೇ ಇಲ್ಲ. ಇದರಿಂದ ನಾನು ತೆಗೆದ ತೀರ್ಮಾನ: ದೋಷ ಆ ರೆಕಾರ್ಡಿಂಗಿನಲ್ಲೇ ಇದೆ, ಅದೇ ಡಿಸ್ಕುಗಳನ್ನು ಕೆಡಿಸುತ್ತಿದೆ.

ಆ ದಿನದ ಚರ್ಚೆಯಲ್ಲಿ ನನ್ನ ಮಾತು ಮುಗಿದೊಡನೆ ನಾನು ಎದ್ದು ಹೊರಗೆ ಹೋಗಿದ್ದೆ. ನಿನ್ನ ಅಮ್ಮನೂ ನನ್ನ ಹಿಂದೆಯೇ ಬಂದಳು. ರೆಕಾರ್ಡಿಂಗ್ ಅದರಾಚೆಗೂ ಇದೆಯೆಂದು ಪರದೆಯ ಮೇಲಿನ ಗೆರೆ ತೋರಿಸುತ್ತದೆ. ಅಂದರೆ ನಾನು ಎದ್ದು ಹೋದ ಮೇಲೆ ಅವನು ಉತ್ತರ ಕೊಟ್ಟಿದ್ದಾನೆ. ಆ ಉತ್ತರವನ್ನು ನಾನು ಕೇಳಿಲ್ಲ. ಮರುದಿನ ಅವನು ಕೆಲಸದ ಮೇಲೆ ಹೋದವನು ವಾಪಸು ಬರಲಿಲ್ಲ. ನನಗೆ ಬೇಕಿರುವುದು ಅಷ್ಟೇ, ಆ ಉತ್ತರ.

ಪ್ರತಿಯ ವಿಷಯ. ಬೇರೆ ಚರ್ಚೆಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಸಿ ಇದರೊಡನೆ ಕಳಿಸಿದ್ದೇನೆ. ಕೊನೆಯದನ್ನು ಕಳಿಸುವುದಿಲ್ಲ, ಯಾರ ಕೈಗೂ ಕೊಡುವುದಿಲ್ಲ. ಕಾರಣ ಕೇಳಬೇಡ.

ಇಂತು,
ನಿನ್ನ ತಂದೆ

•

ಜುಲೈ ೨

ಅಪ್ಪನಿಗೆ,

ಪೆನ್ ಡ್ರೈವ್ ತಲುಪಿತು. ಊಟದ ಬಿಡುವಿನಲ್ಲಿ, ಬಿಚ್ಚಿಟ್ಟ ಎಕ್ಸ್‌ರೇ ಯಂತ್ರದ ಹಿಂದೆ ಕೂತು ಒಂದನ್ನು ಕೇಳಿದೆ. ‘ಕೊಡೆ ಕೊಂಡವನಿಗೆ ಮಳೆ ಬೇಡುವ ಹಕ್ಕಿದೆಯೇ’ ಅಂತ ನೀವಿಬ್ಬರೂ ಜಗಳಾಡಿದ್ದೀರಿ. ಅವನು ನಗುತ್ತಾನೆ. ಸಾಕಾಯಿತು, ನಿಲ್ಲಿಸಿದೆ. ಮಿಕ್ಕದ್ದನ್ನು ಒಂದೊಂದೇ ಕೇಳುತ್ತೇನೆ.

ಈಗ ನಿಮ್ಮ ತೀರ್ಮಾನ. ಅದು ನಿಲ್ಲುವುದಿಲ್ಲ. ರೆಕಾರ್ಡಿಂಗ್ ಎಷ್ಟೇ ಹಾಳಾಗಿರಲಿ, ಅದು ಡಿಸ್ಕನ್ನು ಕೊಲ್ಲಲಾರದು. ಹರಿದ ಪುಸ್ತಕ ಕಪಾಟನ್ನು ಮುರಿಯುತ್ತದೆಯೇ? ಮೂರು ಬೇರೆ ಬೇರೆ ಡಿಸ್ಕು, ಅವುಗಳೊಳಗೆ ಬೇರೆ ಬೇರೆ ಜಾಗದಲ್ಲಿ ಕೂತ ಅದೇ ಫೈಲು, ಆದರೂ ನಿಲ್ಲುವುದು ಒಂದೇ ಮಾತಿನ ಹತ್ತಿರ. ಅಂದರೆ ದೋಷ ಡಿಸ್ಕಿನಲ್ಲೂ ಇಲ್ಲ, ಫೈಲಿನಲ್ಲೂ ಇಲ್ಲ. ಆ ಮಾತು ಬಂದಾಗ ಕೋಣೆಯಲ್ಲಿ ಏನೋ ಆಗುತ್ತದೆ. ಅಂಗಡಿಯಲ್ಲಿ ಆಗದ್ದು, ಮನೆಯಲ್ಲಿ ಆಗುವುದು.

ತಮ್ಮ ಇದ್ದಾಗ ಅದು ಯಾವತ್ತಾದರೂ ಕೆಟ್ಟಿತ್ತೇ? ಇಲ್ಲ ಎಂದಾದರೆ, ಅವನು ಹೋದ ಮೇಲೆ ಆ ಕೋಣೆಯಲ್ಲಿ ಏನು ಬದಲಾಯಿತು? ಸರಿಯಾಗಿ ನೋಡಿ ಬರೆಯಿರಿ.

ಅದರ ಉತ್ತರ ಸಿಗುವವರೆಗೆ ಯಂತ್ರ ಹಚ್ಚಬೇಡಿ. ಬೇಡಿಕೊಳ್ಳುತ್ತಿದ್ದೇನೆ. ಆ ಡಿಸ್ಕಿನಲ್ಲಿ ಇರುವುದು ಅದೊಂದೇ ಪ್ರತಿ.

ಇನ್ನೊಂದು. ಪರದೆಯ ಮೇಲಿನ ಗೆರೆಯನ್ನು ಮುಂದಕ್ಕೆ ಎಳೆದು ಉತ್ತರವನ್ನಷ್ಟೇ ಕೇಳಬಹುದಿತ್ತು. ಒಂದು ನಿಮಿಷದ ಕೆಲಸ. ಯಾಕೆ ಕೇಳಲಿಲ್ಲ?

ಮಗಳು

•

ಜುಲೈ ೧೪

ಮಗಳಿಗೆ,

ಮೂರನೆಯ ಡಿಸ್ಕೂ ಹೋಯಿತು. ಕಳೆದ ಭಾನುವಾರ ಹಚ್ಚಿದೆ. ಅದೇ ಜಾಗದಲ್ಲಿ ನಿಂತಿತು. ಆರಿಸಿ ಹಚ್ಚಿದರೆ ಕಟಕಟ ಸದ್ದಿನ ಹೊರತು ಬೇರೇನೂ ಇಲ್ಲ. ಗ್ಯಾರಂಟಿ ಕಿವಿಯಿಟ್ಟು ಕೇಳಿ, ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ವಾಪಸು ಕೊಟ್ಟ. ಈ ಸಲ ತನ್ನ ಮಾಮೂಲು ಮಾತನ್ನೂ ಆಡಲಿಲ್ಲ. ಹಳೆಯ ಎರಡನ್ನು ಅವನು ಮೊದಲೇ ಗುಜರಿಗೆ ಹಾಕಿದ್ದಾನೆ.

ಹಚ್ಚಬೇಡಿ ಎಂದು ನೀನು ಬರೆದಿದ್ದೆ. ಆದರೂ ಹಚ್ಚಿದೆ ಎಂದು ನೀನು ಹೇಳುವೆ. ಹೇಳು. ಭಾನುವಾರ ಮಧ್ಯಾಹ್ನ ಈ ಮನೆಯಲ್ಲಿ ಏನು ಮಾಡಬೇಕೆಂದು ನಿನ್ನ ಪತ್ರದಲ್ಲಿ ಬರೆದಿರಲಿಲ್ಲ.

ಗೆರೆ ಎಳೆದು ಉತ್ತರವನ್ನಷ್ಟೇ ಯಾಕೆ ಕೇಳಲಿಲ್ಲ ಎಂದು ಕೇಳಿದ್ದೀಯೆ. ಮಂಡನೆಯನ್ನು ಪೂರ್ತಿ ಕೇಳದೆ ಖಂಡನೆಗೆ ಕಿವಿಗೊಡಬಾರದು. ಕಾಲೇಜಿನಲ್ಲಿ ನನಗೆ ಚರ್ಚೆ ಕಲಿಸಿದವರು ಮೊದಲ ದಿನ ಹೇಳಿಕೊಟ್ಟದ್ದು ಅದು. ನನ್ನ ಮಾತನ್ನು ನಾನೇ ದಾಟಿಕೊಂಡು ಹೋಗಿ ಅವನ ಮಾತಿನ ಮುಂದೆ ಕೂರುವುದು ವಂಚನೆಯಾಗುತ್ತಿತ್ತು. ಈ ಉತ್ತರ ನಿನಗೆ ಸಾಲದಿದ್ದರೆ ಬೇರೆ ಉತ್ತರ ನನ್ನಲ್ಲಿಲ್ಲ.

ಕೋಣೆಯಲ್ಲಿ ಏನೂ ಬದಲಾಗಿಲ್ಲ. ಅವನ ಮಂಚ, ಅವನ ಚಪ್ಪಲಿ, ಕಿಟಕಿಯ ಚಿಲಕಕ್ಕೆ ಅವನು ಕಟ್ಟಿದ ದಾರ, ಎಲ್ಲವೂ ಇದ್ದಂತೆಯೇ ಇವೆ. ಆ ಮಾತು ಬಂದಾಗ ಕೋಣೆಯಲ್ಲಿ ಏನೋ ಆಗುತ್ತದೆ ಎಂದು ಬರೆದೆಯಲ್ಲ, ಏನೂ ಆಗುವುದಿಲ್ಲ. ಕೋಣೆಯಲ್ಲಿ ಇರುವವನು ನಾನೊಬ್ಬನೇ. ನಾನು ಕೂತು ಕೇಳುತ್ತೇನೆ. ಇದು ಸಾಕ್ಷಿಯ ಹೇಳಿಕೆ. ಸಾಕ್ಷಿಯನ್ನು ನಂಬದವಳು ಪ್ರಶ್ನೆ ಕೇಳಬಾರದು.

ಕಾರಣ ತಿಳಿಯಲಿಲ್ಲ, ಪ್ರತಿಯೂ ಉಳಿಯಲಿಲ್ಲ. ಇಲ್ಲಿಗೆ ಈ ಪತ್ರವ್ಯವಹಾರದ ಅಗತ್ಯ ಮುಗಿದಂತೆ ಕಾಣುತ್ತದೆ.

ಇಂತು,
ನಿನ್ನ ತಂದೆ

•

ಜುಲೈ ೧೬

ಮಗಳೇ,

ಅಪ್ಪ ಬರೆದಿದ್ದನ್ನ ಓದಿ ನೀನೂ ಮುಖ ತಿರುಗಿಸಿಕೊಂಡು ಕೂತ್ಕೋಬೇಡ. ಅವರ ಪತ್ರ ಅಂಚೆಗೆ ಹಾಕಿದ್ದು ನಾನೇ. ಲಕೋಟೆ ಅಂಟಿಸಿರಲಿಲ್ಲ. ಅಂಟಿಸದೆ ನನ್ನ ಕೈಗೆ ಕೊಟ್ರು ಅಂದ್ರೆ ಓದು ಅಂತ್ಲೇ ಅರ್ಥ. ಮೂವತ್ತು ವರ್ಷದಿಂದ ನನಗೆ ಅವರು ಹೀಗೇ ವಿಷಯ ತಿಳಿಸೋದು.

ಕೋಣೆಯಲ್ಲಿ ಏನೂ ಬದಲಾಗಿಲ್ಲ ಅಂದಿದ್ದಾರೆ. ಮೇಜು ಬದಲಾಗಿದೆಯಲ್ಲ. ಚಿಕ್ಕೋನು ಆ ಪೆಟ್ಟಿಗೇನ ನೆಲದ ಮೇಲೆ, ಗೋಡೆ ಮೂಲೆಗೆ ಇಟ್ಟಿದ್ದ. ಅವನು ಹೋದ ಮೇಲೆ ಅಪ್ಪ, ಮಗನ ವಸ್ತು ನೆಲದ ಮೇಲಿರಬಾರದು ಅಂತ ಊಟದ ಮೇಜನ್ನ ಆ ಕೋಣೆಗೆ ಎಳೆದು ತಂದು, ಅದರ ಮೇಲೆ ಇಟ್ಟರು. ನಾವಿಬ್ಬರೇ ಈಗ, ಅಡುಗೆಮನೆಯಲ್ಲೇ ತಟ್ಟೆ ಹಿಡ್ಕೊಂಡು ಉಣ್ತೀವಿ, ಆ ಮೇಜು ಯಾಕೆ ಅಂತ ನಾನೂ ಸುಮ್ಮನಿದ್ದೆ. ಅದರ ಒಂದು ಕಾಲು ಗಿಡ್ಡ ಅಂತ ನಿನಗೆ ಗೊತ್ತಲ್ಲ. ನಿಮ್ಮಪ್ಪ ಹಿಡಿದ ಮೊಲಕ್ಕೂ ಮೂರೇ ಕಾಲು, ಅವರ ಮೇಜಿಗೂ ಮೂರೇ ಕಾಲು.

ಬಾಗಿಲು ಹಾಕ್ಕೊಂಡು ಕೇಳ್ತಾರೆ. ನಾನು ಹೊರಗೆ ಕಾಳು ಆರಿಸ್ತಾ ಕೂತಿರ್ತೀನಿ. ಚಿಕ್ಕೋನ ದನಿ ಬರತ್ತೆ, ನಾನು ಲೋಟ ಬಡಿದಿದ್ದೂ ಕೇಳತ್ತೆ. ಆಮೇಲೆ ಅಪ್ಪ ಅವತ್ತು ಆಡಿದ ಆ ಮಾತು ಬರತ್ತೆ. ಏನು ಮಾತು ಅಂತ ನಾನು ಬರೆಯಲ್ಲ. ಅದು ಬರ್ತಿದ್ದ ಹಾಗೇ ಒಳಗಿಂದ ಅಪ್ಪ ‘ಅಲ್ಲ’ ಅಂತ ಕೂಗ್ತಾರೆ. ಅದಾದ ತಕ್ಷಣ ಎರಡು ಸಲ ಧಬ್ ಅನ್ನತ್ತೆ. ಒಂದು ಯಂತ್ರದೊಳಗಿನ ಅಪ್ಪ ಮೇಜು ಗುದ್ದಿದ್ದು, ಇನ್ನೊಂದು ಕೋಣೆಯೊಳಗಿನ ಅಪ್ಪ. ಆಮೇಲೆ ಎಲ್ಲಾ ಸುಮ್ಮಗಾಗತ್ತೆ.

ಅವರಿಗೆ ಗೊತ್ತೇ ಇಲ್ಲ ಕಣೇ. ಸುಳ್ಳು ಹೇಳ್ತಿಲ್ಲ. ಅವರು ಯಾವತ್ತೂ ಹಾಗೇ, ಕೈ ಯಾವಾಗ ಮೇಜಿಗೆ ಬಿತ್ತು ಅಂತ ಅವರಿಗೆ ತಿಳಿಯಲ್ಲ. ಅದರಿಂದ ಯಂತ್ರ ಕೆಡತ್ತೆ ಅಂತ ನನಗೂ ತಿಳಿದಿರಲಿಲ್ಲ. ತಿಳಿದಿದ್ರೂ ಹೇಳ್ತಿದ್ದೆನೋ ಇಲ್ವೋ. ವಾರಕ್ಕೊಂದು ಸಲ ಆದ್ರೂ ಈ ಮನೇಲಿ ಅವರು ದನಿ ಎತ್ತೋದು ಅದೊಂದೇ ಮಾತಿಗೆ.

ನೀನು ಹೇಳು ಅವರಿಗೆ. ನಾನು ಹೇಳಿದೆ ಅನ್ನಬೇಡ. ಅಂದ್ರೂ ಪರವಾಗಿಲ್ಲ.

ಅಮ್ಮ

•

ಜುಲೈ ೨೫

ಅಪ್ಪನಿಗೆ,

ಕಾರಣ ಸಿಕ್ಕಿದೆ. ಓದುವ ಮುನ್ನ ಕುಳಿತುಕೊಳ್ಳಿ.

ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ಬುಗುರಿಗಿಂತ ವೇಗವಾಗಿ ತಿರುಗುತ್ತಿರುತ್ತದೆ. ಅದರ ಮೇಲೆ, ಕೂದಲೂ ತೂರದಷ್ಟು ಹತ್ತಿರದಲ್ಲಿ, ಒಂದು ಮೊನೆ ತೇಲುತ್ತಾ ಓದುತ್ತದೆ. ತಾಗಬಾರದು. ಓದುತ್ತಿರುವಾಗ ಜೋರಾಗಿ ಅಲುಗಿದರೆ ತಾಗುತ್ತದೆ, ಗೀರುತ್ತದೆ. ಗೀರಿದ ಪುಡಿ ಮತ್ತಷ್ಟು ಗೀರುತ್ತದೆ. ಯಂತ್ರ ನೆಲದ ಮೇಲಿದ್ದಾಗ ಅದಕ್ಕೆ ಏನೂ ಆಗಲಿಲ್ಲ. ಅಂಗಡಿಯಲ್ಲೂ ಆಗಲಿಲ್ಲ. ಅದು ಕೆಡುವುದು ಗಿಡ್ಡ ಕಾಲಿನ ಊಟದ ಮೇಜಿನ ಮೇಲೆ, ಆ ಒಂದು ಮಾತು ಬಂದಾಗ. ಯಾಕೆಂದರೆ ಆಗ ನೀವು ಮೇಜನ್ನು ಗುದ್ದುತ್ತೀರಿ.

‘ಇಲ್ಲ’ ಎನ್ನುತ್ತೀರಿ ಎಂದು ಗೊತ್ತು. ಸಾಕ್ಷಿಯನ್ನು ನಂಬದವಳು ಪ್ರಶ್ನೆ ಕೇಳಬಾರದು ಎಂದಿರಿ. ನಾನು ಸಾಕ್ಷಿಯನ್ನು ನಂಬುತ್ತೇನೆ, ಅವನ ಕೈಯನ್ನು ನಂಬುವುದಿಲ್ಲ. ಆದ್ದರಿಂದ ವಾದ ಬೇಡ, ಪರೀಕ್ಷೆ ಮಾಡಿ. ಕಂಪ್ಯೂಟರನ್ನು ಕೆಳಗಿಳಿಸಿ ದೂರ ಇಡಿ. ಖಾಲಿ ಮೇಜಿನ ಮೇಲೆ ಒಂದು ಲೋಟ ಅಂಚಿನವರೆಗೆ ನೀರು ತುಂಬಿ ಇಡಿ. ಎಂದಿನ ಕುರ್ಚಿಯಲ್ಲಿ ಕೂತು, ಆ ದಿನ ನೀವು ಆಡಿದ ಮಾತನ್ನು ನೆನಪಿನಿಂದ, ಗಟ್ಟಿಯಾಗಿ, ಕೊನೆಯವರೆಗೆ ಹೇಳಿ. ಆಮೇಲೆ ಲೋಟ ನೋಡಿ. ನೀರು ಅಲ್ಲಾಡದಿದ್ದರೆ ನಾನು ಸೋತೆ, ಇನ್ನು ಬರೆಯುವುದಿಲ್ಲ.

ಅಲ್ಲಾಡಿದರೆ ಬಟ್ಟೆಯಲ್ಲಿ ಸುತ್ತಿಟ್ಟ ಆ ಡಿಸ್ಕನ್ನು ನನಗೆ ಕಳಿಸಿ. ಅದನ್ನು ಎಲ್ಲೂ ಹಚ್ಚಬೇಡಿ. ನಮ್ಮ ಆಸ್ಪತ್ರೆಯ ಸ್ಕ್ಯಾನುಗಳು ಹೀಗೆ ಸತ್ತಾಗ ಅವನ್ನು ಎತ್ತಿಕೊಡುವವರೊಬ್ಬರಿದ್ದಾರೆ. ಡಿಸ್ಕ್ ಬಿಚ್ಚಿ ಮೊನೆ ಬದಲಾಯಿಸುತ್ತಾರೆ. ಉಳಿಯುತ್ತದೆಂದು ನಾನೂ ಗ್ಯಾರಂಟಿ ಹೇಳಲಾರೆ.

ಉಳಿದರೆ, ಅದರಲ್ಲಿರುವುದನ್ನು ನಾನು ಕೇಳುತ್ತೇನೆ. ಅದು ಗೊತ್ತಿದ್ದೇ ಕಳಿಸಿ.

ಮಗಳು

•

ಆಗಸ್ಟ್ ೯

ಮಗಳಿಗೆ,

ನಿನ್ನ ಪತ್ರ ತಲುಪಿದ ಮೇಲೆ ಮೊದಲ ಭಾನುವಾರ ಪರೀಕ್ಷೆ ಮಾಡಲಿಲ್ಲ. ಕೋಪವಿತ್ತು. ಎರಡನೆಯ ಭಾನುವಾರ ಮಾಡಿದೆ. ನಿನ್ನ ವಾದದ ಸೊಂಟ ಮುರಿಯಬೇಕೆಂಬ ಉದ್ದೇಶದಿಂದಲೇ ಮಾಡಿದೆ.

ಯಂತ್ರವನ್ನು ಕೆಳಗಿಳಿಸಿದೆ. ಲೋಟ ತುಂಬಿದೆ. ಎರಡೂ ಕೈ ತೊಡೆಯ ಮೇಲಿವೆಯೆಂದು ಖಚಿತ ಮಾಡಿಕೊಂಡೆ. ಆ ದಿನದ ಮಾತನ್ನು ಮೊದಲಿನಿಂದ ಹೇಳತೊಡಗಿದೆ. ಒಂದಕ್ಷರವೂ ಮರೆತಿರಲಿಲ್ಲ. ಕೊನೆಯ ವಾಕ್ಯದ ಹತ್ತಿರ ಬಂದದ್ದು ನೆನಪಿದೆ. ಅದಾದ ಮೇಲೆ ನೆನಪಿರುವುದು, ನೀರು ಮೇಜಿನ ಮೇಲೆಲ್ಲ ಹರಡಿ ಅಂಚಿನಿಂದ ತೊಟ್ಟಿಕ್ಕುತ್ತಿದ್ದುದು. ಲೋಟ ಮಗುಚಿತ್ತು. ನೀರಿನ ನಡುವೆ ನನ್ನ ಬಲಗೈ ಇತ್ತು, ಮುಷ್ಟಿ ಕಟ್ಟಿಕೊಂಡು. ಅದು ಅಲ್ಲಿಗೆ ಯಾವಾಗ ಹೋಯಿತೋ ನಾನು ಕಾಣೆ.

ಬಾಗಿಲಲ್ಲಿ ನಿನ್ನ ಅಮ್ಮ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ನೀರಿನ ಸದ್ದು ಕೇಳಿ ಓಡಿ ಬಂದವಳಲ್ಲ. ಬಟ್ಟೆಯನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿದ್ದವಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದಳು. ಅವಳು ಒರೆಸಿದಳು. ನನ್ನ ಕೈಯನ್ನೂ ಒರೆಸಿದಳು.

ಕಾರಣ ಸಾಬೀತಾಗಿದೆ. ಇಷ್ಟು ಕಾಲ ಬೇರೆಯವರ ಮನೆಯ ಬೆಂಕಿಗೆ ಕಾರಣ ಬರೆದವನಿಗೆ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯುತ್ತಿದ್ದೇನೆ. ಮೂರು ಡಿಸ್ಕುಗಳನ್ನು ಕೆಡಿಸಿದವನು ನಾನು. ಅವನ ಉತ್ತರ ಬರುವ ಮುನ್ನವೇ, ಪ್ರತಿಸಲವೂ.

ಡಿಸ್ಕನ್ನು ಹತ್ತಿಯ ನಡುವೆ ಇಟ್ಟು ಕಳಿಸಿದ್ದೇನೆ. ಅದರಲ್ಲಿ ಏನಿದೆ ಎಂದು ನಾನೇ ಹೇಳಿಬಿಡುವುದು ನ್ಯಾಯ. ಆ ದಿನದ ವಿಷಯವನ್ನು ಆರಿಸಿದವನು ನಿನ್ನ ತಮ್ಮ: ಮುನಿಸಿಕೊಂಡ ಇಬ್ಬರಲ್ಲಿ ಮೊದಲು ಬರೆಯಬೇಕಾದವರು ಯಾರು? ಹೆಸರಿಗೆ ಅದು ಸಾಮಾನ್ಯ ವಿಷಯ. ಅವನು ನಿನ್ನ ಪರವಾಗಿ ಮಾತಾಡುತ್ತಿದ್ದಾನೆಂದು ಮೂವರಿಗೂ ಗೊತ್ತಿತ್ತು. ಹಿರಿಯರೇ ಮೊದಲು ಬರೆಯಬೇಕೆಂದು ಅವನು ವಾದಿಸಿದ. ಚೆನ್ನಾಗಿ ವಾದಿಸಿದ. ಬಾಗಿಲು ದಾಟಿ ಹೋದವರು ಬಂದು ಬಾಗಿಲು ತಟ್ಟಬೇಕು, ಬಾಗಿಲೇ ಅವರನ್ನು ಹುಡುಕಿಕೊಂಡು ಹೋಗುವುದಿಲ್ಲ ಎಂದು ನಾನು ವಾದಿಸಿದೆ. ಲೋಟದ ಸದ್ದು ಕೇಳಿದ ಮೇಲೂ ನಿಲ್ಲಿಸದೆ ಇನ್ನೊಂದು ವಾಕ್ಯ ಹೇಳಿದೆ. ಆ ವಾಕ್ಯವನ್ನು ಇಲ್ಲಿ ಬರೆಯಲಾರೆ. ಅದನ್ನು ನೀನು ನನ್ನ ದನಿಯಲ್ಲೇ ಕೇಳುವೆ.

ಅವನ ಉತ್ತರ ನನಗೆ ಬೇಕು. ಅದಕ್ಕಾಗಿ ನೀನು ನನ್ನ ಮಾತನ್ನು ಕೇಳಬೇಕಾಗಿದೆ. ಈ ಎರಡನ್ನೂ ತೂಗಿ ನೋಡಿಯೇ ಕಳಿಸಿದ್ದೇನೆ.

ಇಂತು,
ನಿನ್ನ ಅಪ್ಪ

•

ಸೆಪ್ಟೆಂಬರ್ ೧೮

ಅಪ್ಪನಿಗೆ,

ತಡವಾಯಿತು. ಡಿಸ್ಕ್ ಬಿಚ್ಚಿದವರು ತಟ್ಟೆಯ ಮೇಲಿನ ಗೀರುಗಳನ್ನು ನನಗೂ ತೋರಿಸಿದರು. ಉಂಗುರದ ಹಾಗೆ ಇವೆ. ಫೈಲು ಸಿಕ್ಕಿತು. ಮೊದಲಲ್ಲಿ ಅಲ್ಲಲ್ಲಿ ಮುಕ್ಕಾಗಿದೆ, ಕೊನೆಯ ಭಾಗ ಪೂರ್ತಿ ಇದೆಯಂತೆ.

ನಿಮ್ಮ ಆ ವಾಕ್ಯ ಮುಕ್ಕಾಗಿಲ್ಲ. ‘ನನಗಿರುವುದು ಒಬ್ಬ ಮಗ, ಅಷ್ಟು ಸಾಕು.’ ಅದಾದ ಮೇಲೆ ಗುದ್ದು.

ಅಲ್ಲಿಗೆ ನಿಲ್ಲಿಸಿದೆ. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ನಿಮಗೆ ಬರೆಯಬೇಕೆಂದಿದ್ದ ಮಾತುಗಳು ಬಹಳ ಇದ್ದವು, ಬರೆದೆ, ಹರಿದೆ. ಆಮೇಲೆ ಅಮ್ಮ ಹೇಳಿದ್ದು ನೆನಪಾಯಿತು. ಆ ವಾಕ್ಯ ಬಂದಾಗಲೆಲ್ಲ ಕೋಣೆಯೊಳಗಿಂದ ನೀವು ‘ಅಲ್ಲ’ ಎಂದು ಕೂಗುತ್ತೀರಂತೆ. ನಾನು ಆ ಫೈಲನ್ನು ಇನ್ನೊಂದು ಸಲ ಹಾಕಿದೆ. ಆ ಜಾಗದಲ್ಲಿ ಕೋಣೆಯ ‘ಅಲ್ಲ’ ಇರಲಿಲ್ಲ. ಹೇಗಿರುತ್ತದೆ, ಅದು ರೆಕಾರ್ಡಾಗಿಲ್ಲವಲ್ಲ. ಆದರೂ ಕಿವಿ ಕಾಯುತ್ತಿತ್ತು.

ಗುದ್ದಿನಾಚೆ ನಾನು ಹೋಗಿಲ್ಲ. ಅವನ ಉತ್ತರ ನಿಮಗೆ ಬರಬೇಕಾದದ್ದು, ಮೊದಲು ನೀವು ಕೇಳಿ. ಪೆನ್ ಡ್ರೈವ್ ಜೊತೆಗಿದೆ, ಇದರಲ್ಲಿ ತಿರುಗುವ ತಟ್ಟೆ ಇಲ್ಲ. ನೀವು ಎಷ್ಟು ಗುದ್ದಿದರೂ ಇದು ನಿಲ್ಲುವುದಿಲ್ಲ. ಆದರೂ ಅಮ್ಮನನ್ನು ಒಳಗೆ ಕೂರಿಸಿಕೊಂಡು ಕೇಳಿ.

ಮಗಳು

•

ಅಕ್ಟೋಬರ್ ೧

ಮಗಳೇ,

ಭಾನುವಾರ ಮಧ್ಯಾಹ್ನ ಕೇಳಿದೆವು. ಬಾಗಿಲು ಹಾಕಲಿಲ್ಲ. ಹೊಸ ಡಿಸ್ಕ್ ಹಾಕಿಸಿದ ಯಂತ್ರವನ್ನು ನಿನ್ನ ತಮ್ಮ ಇಡುತ್ತಿದ್ದಲ್ಲೇ, ನೆಲದ ಮೇಲೆ ಗೋಡೆಯ ಮೂಲೆಗೆ ಇಟ್ಟಿದ್ದೇನೆ. ನಿನ್ನ ಅಮ್ಮ ಪಕ್ಕದಲ್ಲಿ ಕೂತು ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ವಾಕ್ಯ ಬಂತು. ನಾನು ‘ಅಲ್ಲ’ ಎಂದೆ. ಈ ಸಲ ಎಂದದ್ದು ನನಗೂ ಕೇಳಿಸಿತು. ಅವಳು ಕೈ ಬಿಡಲಿಲ್ಲ. ಗುದ್ದು ಒಂದೇ ಕೇಳಿತು, ಯಂತ್ರದೊಳಗಿನದು.

ಆಮೇಲೆ ನನ್ನ ಕುರ್ಚಿ ಸರಿದ ಸದ್ದು, ನನ್ನ ಹೆಜ್ಜೆ. ನಾನು ಕನ್ನಡಕ ಮರೆತು ಹೋಗಿದ್ದೆ. ಅದನ್ನು ಹಿಡಿದು ನಿನ್ನ ಅಮ್ಮ ಹೊರಗೆ ಬಂದ ಸದ್ದು. ಅದಾದ ಮೇಲೆ ಅವನು ಮಾತಾಡಿದ. ಆದರೆ ನನ್ನೊಡನೆ ಅಲ್ಲ. ಉತ್ತರ ನನಗೆ ಬರಬೇಕಾದದ್ದು ಎಂದು ನೀನು ಬರೆದಿದ್ದೆ, ನಾನೂ ಹಾಗೆಯೇ ನಂಬಿದ್ದೆ. ಇಬ್ಬರೂ ತಪ್ಪು ತಿಳಿದಿದ್ದೆವು. ಅವನು ಆ ರೆಕಾರ್ಡಿಂಗ್ ಮಾಡಿದ್ದು ನಿನಗೆ ಕಳಿಸಲೆಂದು. ಕಳಿಸಲು ಅವನಿಗೆ ವೇಳೆ ಸಿಗಲಿಲ್ಲ. ಆದ್ದರಿಂದ ಅವನ ಮಾತನ್ನು ಇದ್ದಂತೆಯೇ ಇಳಿಸಿಕೊಂಡು ನಿನಗೆ ತಲುಪಿಸುತ್ತಿದ್ದೇನೆ:

‘ಅಕ್ಕಾ, ಕೇಳಿಸ್ತಾ? ಎದ್ದು ಹೋದ್ರು. ಲೋಟ ಹೊಡೆದ ಮೇಲೂ ಮಾತಾಡಿದ್ದಕ್ಕೆ ಅಂಕ ಕಳೀಬೇಕು, ಆದ್ರೆ ತೀರ್ಪುಗಾರ್ತಿನೇ ಕನ್ನಡಕ ಹಿಡ್ಕೊಂಡು ಹಿಂದೆ ಓಡಿದ್ಳು. ಅವರು ಕೊನೇಲಿ ಅಂದಿದ್ದನ್ನ ಮನಸ್ಸಿಗೆ ಹಾಕ್ಕೋಬೇಡ. ನಿಜ ಆಗಿದ್ರೆ ಅಷ್ಟು ಜೋರಾಗಿ ಗುದ್ದಬೇಕಿರಲಿಲ್ಲ. ನನ್ನ ಉತ್ತರ ಇಷ್ಟೇ. ನೀನಂತೂ ಮೊದಲು ಬರೆಯಲ್ಲ, ನೀನೂ ಅವರ ಮಗಳೇ ಅಲ್ವಾ. ಅವರೇ ಬರೀತಾರೆ, ಬೇಕಾದ್ರೆ ಪಂದ್ಯ ಕಟ್ಟು. ಆದ್ರೆ ಬಾ ಅಂತೆಲ್ಲ ಬರೆಯಲ್ಲ. ಮನೇಲಿ ಏನಾದ್ರೂ ಕೆಡೋವರೆಗೂ ಕಾಯ್ತಾರೆ. ಮಿಕ್ಸಿನೋ ಫ್ಯಾನೋ ಏನೋ ಒಂದು. ಕೆಟ್ಟಿದೆ, ಕಾರಣ ತಿಳಿಸು ಅಂತ ಬರೀತಾರೆ. ಆಗ ನೀನು ರಿಪೇರಿ ವಿಷಯ ಮಾತ್ರ ಬರೆದು ಸುಮ್ನಾಗಬೇಡ, ಆಯ್ತಾ?’

ಅಷ್ಟೇ. ಅದಾದ ಮೇಲೆ ಅವನು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು. ಮುಗಿಯಿತು.

ತೀರ್ಪು ಕೇಳಿದೆ. ನಿನ್ನ ಅಮ್ಮ ಎದ್ದು ಹೋಗಿ ಲೋಟ ಚಮಚ ತಂದು ಒಂದು ಸಲ ಬಡಿದಳು. ಗೆದ್ದವನು ಅವನು. ನನ್ನ ಆಕ್ಷೇಪಣೆಯಿಲ್ಲ.

ಮೇಜನ್ನು ಮತ್ತೆ ನಡುಮನೆಗೆ ತಂದಿದ್ದೇವೆ. ಗಿಡ್ಡ ಕಾಲಿಗೆ ಗ್ಯಾರಂಟಿ ಒಂದು ಮರದ ತುಂಡು ಹೊಡೆದುಕೊಟ್ಟ, ಈಗ ಅಲ್ಲಾಡುವುದಿಲ್ಲ. ಈ ಪತ್ರವನ್ನು ಅದರ ಮೇಲೆ ಬರೆಯುತ್ತಿದ್ದೇನೆ. ಯಂತ್ರ ಸರಿಯಾಗಿ ಓಡುತ್ತಿದೆ. ಫ್ಯಾನೂ ತಿರುಗುತ್ತಿದೆ. ಮಿಕ್ಸಿಯನ್ನೂ ಹಾಕಿ ನೋಡಿದೆ.

ಮನೆಯಲ್ಲಿ ಈಗ ಏನೂ ಕೆಟ್ಟಿಲ್ಲ. ಆದರೂ ಬರೆದಿದ್ದೇನೆ, ಬಾ.

ಅಪ್ಪ